ಬೋಣಿಗೆ ಮುಂಚೆ

ನನ್ನ ಕಾಯಿಲೆ ಶುರುವಾದದ್ದು ಯಾವಾಗ ಎಂದು ನಮ್ಮ ಬೀದಿಯಲ್ಲಿ ಕೇಳಿದರೆ ಕತ್ತಿನ ಗಂಟಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. "ಆಯಮ್ಮ ಮಂಡಿಪೇಟೆಗೆ ಹೋಗಿ ಬಾಡಿಗೆ ತಡ ಆಗುತ್ತೆ ಅಂತ ಹೇಳಿ ಬಂದ್ಲಲ್ಲ, ಆವಾಗಿಂದ" ಎನ್ನುತ್ತಾರೆ. ಗಂಟು ಅದಕ್ಕಿಂತ ಎಷ್ಟೋ ಮೊದಲೇ ಬಂದಿತ್ತು. ಸಂಜೆಯಾದರೆ ಸಣ್ಣಗೆ ಜ್ವರವೂ ಬರುತ್ತಿತ್ತು, ಬಳೆಗಳು ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದವು. ಆದರೆ ಬೀದಿಯ ಪಾಲಿಗೆ ನಾನು ರೋಗಿಯಾದದ್ದು ಆ ಬೆಳಿಗ್ಗೆಯೇ.

ಈಗ ಗುಣವಾಗಿದ್ದೇನೆ. ಎಡಗಿವಿಯ ಕೆಳಗೆ ಹುಣಸೆಬೀಜದಷ್ಟು ಒಂದು ಗಾಯದ ಗುರುತು ಉಳಿದಿದೆ. ಮೊದಲೆಲ್ಲ ಸೆರಗಿನಿಂದ ಮುಚ್ಚುತ್ತಿದ್ದೆ, ಈಗ ಮುಚ್ಚುವುದಿಲ್ಲ. ಇದನ್ನು ಬರೆಯುತ್ತಿರುವುದು ಔಷಧಿಯ ವಿಷಯ ಹೇಳುವುದಕ್ಕಲ್ಲ, ಅದನ್ನು ಡಾಕ್ಟರು ಹೇಳುತ್ತಾರೆ. ಮಾತ್ರೆಯ ಜೊತೆಗೆ ಇನ್ನೂ ಏನೇನು ನುಂಗಬೇಕಾಗುತ್ತದೆ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಸ್ವಲ್ಪ ಗಟ್ಟಿಯಾಗಿರುತ್ತಿದ್ದೆನೇನೋ.

ಗಂಟು ಮೊದಲು ಕೈಗೆ ಸಿಕ್ಕಿದ್ದು ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ. ನೋವಿರಲಿಲ್ಲ, ಬಟಾಣಿಯಂತೆ ಬೆರಳಿನಡಿ ಜಾರುತ್ತಿತ್ತು. ಹಳ್ಳಿಯಲ್ಲಿರುವ ಅತ್ತೆಗೆ ಫೋನಿನಲ್ಲಿ ಹೇಳಿದೆ. "ಸುಣ್ಣ ಬೆಲ್ಲ ಕಲೆಸಿ ಹಚ್ಚು, ಎರಡು ದಿನಕ್ಕ ಕರಗುತ್ತೆ. ಎಲ್ಲಾದಕ್ಕೂ ಡಾಕ್ಟರ್ ಡಾಕ್ಟರ್ ಅಂತ ಓಡಬ್ಯಾಡ" ಎಂದರು. ಹಚ್ಚಿದೆ. ಕತ್ತು ಸುಟ್ಟಿತು, ಗಂಟು ಕರಗಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವ ಕೋಣೆಯ ಗೋಡೆಗೆ ನಗುನಗುತ್ತಿರುವ ಒಂದು ಕುಟುಂಬದ ಪೋಸ್ಟರ್ ಅಂಟಿಸಿದ್ದರು. ಬೆಂಚಿನ ಮೇಲೆ ಒರಗಿ ಕೂತವರ ತಲೆಯೆಣ್ಣೆ ತಾಗಿ ತಾಗಿ ತಾಯಿಯ ಮುಖ ಅಳಿಸಿಹೋಗಿತ್ತು. ಅಪ್ಪ, ಮಕ್ಕಳು ಮಾತ್ರ ನಗುತ್ತಿದ್ದರು. ಎಷ್ಟೋ ಬೆಳಿಗ್ಗೆಗಳನ್ನು ಆ ಅಳಿಸಿದ ಮುಖದ ಕೆಳಗೇ ಕಳೆದೆ.

ಅಲ್ಲಿ ನನ್ನ ಜೊತೆ ಮೊದಲು ಜಗಳವಾಡಿದವಳು ಹದಡಿಯ ಹಾಲಮ್ಮ. ನಾನು ಬೆಂಚಿನ ತುದಿಯಲ್ಲಿ ಚೀಲವಿಟ್ಟುಕೊಂಡು ಕೂತಿದ್ದೆ. "ಸರ್ಕೊಳ್ರೀ ಒಂಚೂರು. ನಿಮ್ ಚೀಲಕ್ಕೂ ಚೀಟಿ ಮಾಡ್ಸೀರೇನು?" ಎಂದಳು. ನಾನು ನಾಚಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಕೂತವಳು ತಲೆಯ ಮೇಲಿನ ಟವೆಲ್ ಜಾರಿಸಿದಳು. ಅವಳಿಗೂ ಕತ್ತಿನಲ್ಲಿ ಗಂಟು. ಇಬ್ಬರೂ ಒಬ್ಬರ ಕತ್ತು ಒಬ್ಬರು ನೋಡಿಕೊಂಡೆವು.

"ನಿಮಗೆ ಎಡಕ್ಕ, ನನಗೆ ಬಲಕ್ಕ. ಇಬ್ರನ್ನೂ ಸೇರಿಸಿ ಪೋಣಿಸಿದ್ರೆ ಒಂದು ಸರ ಆಗುತ್ತೆ ನೋಡ್ರಿ" ಎಂದು ನಕ್ಕಳು. ಆ ವಾರವೆಲ್ಲ ನಾನು ನಕ್ಕದ್ದು ಅದೊಂದೇ ಸಲ.

"ಮನೆಯಲ್ಲಿ ಏನು ಹೇಳಿದ್ದೀರಿ?" ಎಂದು ಕೇಳಿದೆ.

"ಹಲ್ಲು ನೋವು ಅಂತ ಹೇಳೀನಿ. ಮನ್ಯಾಗ ನಾದಿನಿ ಮದುವಿ ಮಾತು ನಡೆದೈತೆ. ಗಂಟು ಅಂದ್ರೆ ಗಂಡಿನ ಕಡೇರು ಎದ್ದು ಹೋಗ್ತಾರೆ."

ನನಗೆ ಅದು ಸರಿಕಾಣಲಿಲ್ಲ. ನಾನು ಬೆಳೆದದ್ದು ಕಾನ್ವೆಂಟಿನ ಹಾಸ್ಟೆಲಿನಲ್ಲಿ. ತಂದೆಗೆ ರೈಲ್ವೆಯ ಕೆಲಸ, ಸಂಬಳ ಮನೆಗೆ ಬಂದು, ಅಲ್ಲಿಂದ ನನ್ನ ಫೀಸು ಹೊರಡುವುದರೊಳಗೆ ಕೆಲವು ಸಲ ದಿನ ಮೀರುತ್ತಿತ್ತು. ಹಾಗೆ ಮೀರುವುದಿದ್ದರೆ ಮೊದಲೇ ಹೋಗಿ ಸಿಸ್ಟರ್ ಎದುರು ನಿಂತು ಹೇಳಬೇಕು. ಅವರು ಕನ್ನಡಕದ ಮೇಲಿಂದ ನೋಡಿ ಒಮ್ಮೆ ತಲೆಯಾಡಿಸುತ್ತಿದ್ದರು. ಅಷ್ಟಾದರೆ ಮುಗಿಯಿತು, ಯಾರ ಮುಂದೆಯೂ ನಮ್ಮ ಹೆಸರು ಕೂಗುತ್ತಿರಲಿಲ್ಲ. ಮುಂಚೆ ಹೇಳುವುದೇ ಮರ್ಯಾದೆ ಎಂದು ನಾನು ಕಲಿತದ್ದು ಆ ತಲೆಯಾಟದಿಂದ. ಅದು ಎಲ್ಲ ಊರಲ್ಲೂ ನಡೆಯುವ ನಾಣ್ಯ ಎಂದುಕೊಂಡಿದ್ದೆ.

ಸೂಜಿ ಚುಚ್ಚಿ ಪರೀಕ್ಷೆ ಮಾಡಿದ ವರದಿ ಬಂದ ದಿನ ನನ್ನ ಗಂಡ ಮಂಜುನಾಥ ರಜೆ ಹಾಕಿ ಜೊತೆಗೆ ಬಂದಿದ್ದರು. ಡಾಕ್ಟರು ಚಿಕ್ಕ ವಯಸ್ಸಿನವರು. "ಟಿ.ಬಿ. ಗಂಟು. ಶ್ವಾಸಕೋಶದಲ್ಲಿ ಏನೂ ಇಲ್ಲ, ಹಾಗಾಗಿ ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ" ಎಂದರು. ನಾನು ತಲೆಯಾಡಿಸಿದೆ. ಇವರು ಆಡಿಸಲಿಲ್ಲ.

"ಮಗಳು ಇವಳ ಜೊತೀಗೇ ಮಲಗ್ತಾಳ ಸರ್" ಎಂದರು.

"ಮಲಗಲಿ."

"ಒಂದೇ ತಾಟಿನಾಗ ಊಟ..."

"ಮಾಡ್ಲಿ ಯಜಮಾನ್ರೆ. ನೀವೂ ಮಾಡ್ರಿ."

ಆ ಕೋಣೆಯಿಂದ ಹೊರಬಂದು ಇವರು ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡರು. ನಾನು ಹೇಳಲಿಲ್ಲ. ಹಾಗೆಯೇ ರಸ್ತೆಯವರೆಗೆ ನಡೆದರು.

ಮಾತ್ರೆಗಳನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಆದರೆ ಕಾಯಿಲೆ ಯಾವುದೆಂದು ತಿಳಿಯುವವರೆಗಿನ ಸ್ಕ್ಯಾನು, ಸೂಜಿ, ರಕ್ತಪರೀಕ್ಷೆಗಳೇ ಆ ತಿಂಗಳನ್ನು ತಿಂದುಹಾಕಿದ್ದವು. ಇವರು ಹರಿಹರದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಾರೆ. ಮಾಲೀಕರಿಗೆ ಬಿಲ್ಲಿನ ಹಣ ಬಂದರೆ ಇವರಿಗೆ ಪಗಾರ. ಆ ತಿಂಗಳು ಬಿಲ್ಲು ಎಲ್ಲೋ ನಿಂತುಹೋಗಿತ್ತು. ಬಾಡಿಗೆ ತಡವಾಗುವುದು ಖಚಿತವಾಯಿತು.

"ಸುಮ್ನಿರು. ಬಂದಾಗ ಕೊಡೋಣ" ಎಂದರು ಇವರು.

"ಮುಂಚೆಯೇ ಒಂದು ಮಾತು ಹೇಳಿದರೆ..."

"ಬ್ಯಾಡ. ಹೇಳಬ್ಯಾಡ."

ಯಾಕೆಂದು ಅವರು ಬಿಡಿಸಿ ಹೇಳಲಿಲ್ಲ, ಬಸ್ಸಿಗೆ ತಡವಾಗಿತ್ತು. ನಾನು ಹೋದೆ.

ನಾವಿದ್ದದ್ದು ಮಹಡಿಯ ಮೇಲೆ. ಕೆಳಗೆ ಮನೆಯ ಮಾಲೀಕರಾದ ರುದ್ರಪ್ಪನವರು ಮತ್ತು ಅವರ ಹೆಂಡತಿ ಗಿರಿಜಕ್ಕ. ರುದ್ರಪ್ಪನವರಿಗೆ ಮಂಡಿಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿ. ಮನೆಯ ಮಾತು ಗಿರಿಜಕ್ಕನ ಹತ್ತಿರ, ಹಣದ ಮಾತು ಯಜಮಾನರ ಹತ್ತಿರ, ಅದೂ ಅವರ ವ್ಯಾಪಾರದ ಜಾಗದಲ್ಲೇ ಆಡುವುದು ಗೌರವ ಎಂದು ನನ್ನಷ್ಟಕ್ಕೆ ನಾನೇ ನಿಯಮ ಮಾಡಿಕೊಂಡೆ. ಗಿರಾಕಿಗಳು ಸೇರಿದ ಮೇಲೆ ಹೋದರೆ ತೊಂದರೆ ಎಂದು ಬೆಳಿಗ್ಗೆ ಬೇಗ ಹೊರಟೆ. ಇಸ್ತ್ರಿ ಮಾಡಿದ ಹತ್ತಿಯ ಸೀರೆ ಉಟ್ಟಿದ್ದೆ.

ಅಂಗಡಿಯ ಮುಂದೆ ನೀರು ಚಿಮುಕಿಸಿದ್ದು ಇನ್ನೂ ಹಸಿಯಿತ್ತು. ಲಕ್ಷ್ಮಿಯ ಪಟದ ಮುಂದೆ ಊದುಬತ್ತಿ ಅರ್ಧ ಉರಿದಿತ್ತು. ಗಲ್ಲಾಪೆಟ್ಟಿಗೆಗೆ ಇಟ್ಟ ಕುಂಕುಮ ಒಣಗಿರಲಿಲ್ಲ. ಹಮಾಲರು ಬೆಲ್ಲದ ಮೂಟೆಗಳ ಮೇಲೆ ಕೂತು ಬಸಿಯಲ್ಲಿ ಚಹಾ ಊದುತ್ತಿದ್ದರು. ಇಷ್ಟನ್ನೂ ನೋಡಿದೆ. ನೋಡಿದ್ದರ ಅರ್ಥ ಮಾತ್ರ ತಿಳಿಯಲಿಲ್ಲ.

"ಬರ್ರಿ ಬರ್ರಿ. ಬಾಡಿಗೆ ತಂದೀರೇನು? ಇನ್ನಾ ದಿನಾನೇ ತುಂಬಿಲ್ಲ, ಎಂಥಾ ಜನ ನೀವು!" ಎಂದು ರುದ್ರಪ್ಪನವರು ನಕ್ಕರು. ಅವರ ಬಲಗೈ ಆಗಲೇ ಅರ್ಧ ಮುಂದೆ ಬಂದಿತ್ತು.

"ಇಲ್ಲ ಸರ್. ಈ ತಿಂಗಳು ಬಾಡಿಗೆ ಸ್ವಲ್ಪ ತಡವಾಗುತ್ತದೆ. ಮುಂಚೆಯೇ ಹೇಳಿಹೋಗೋಣ ಅಂತ ಬಂದೆ."

ಆ ಕೈ ಗಾಳಿಯಲ್ಲೇ ನಿಂತಿತು. ಹಮಾಲನೊಬ್ಬ ಬಸಿ ಊದುವುದನ್ನು ನಿಲ್ಲಿಸಿದ.

"ಏನಂದ್ರಿ?"

ಅವರಿಗೆ ಕೇಳಿಸಲಿಲ್ಲವೆಂದುಕೊಂಡು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಕಾರಣವನ್ನೂ ಹೇಳದಿದ್ದರೆ ಅರ್ಧ ಸುಳ್ಳಾಗುತ್ತದೆ ಎನಿಸಿ ಕತ್ತಿನ ಗಂಟು, ಟಿ.ಬಿ., ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದು, ಎಲ್ಲವನ್ನೂ ಹೇಳಿದೆ.

ರುದ್ರಪ್ಪನವರು ಕೈಯನ್ನು ಹಿಂದಕ್ಕೆಳೆದು ಪಂಚೆಗೆ ಒರೆಸಿಕೊಂಡರು. ನಾನು ಮುಟ್ಟಿಯೂ ಇರಲಿಲ್ಲ.

"ಬಾಗಿಲು ತೆಗೆದು ನೀರು ಹಾಕಿ ಇನ್ನಾ ಒಂದು ಬಿಡಿಗಾಸು ಬಿದ್ದಿಲ್ಲ ಗಲ್ಲಾಕ್ಕ. ಬೋಣಿಗೆ ಮುಂಚೆ ಬಂದು ಇಲ್ಲ ಅಂತೀರಲ್ಲ! ಓದಿದೋರು ನೀವು, ಇಂಗ್ಲಿಷ್ ಸಾಲಿಯೋರು! ಇಲ್ಲ ಅನ್ನೋದು ಒಂದು, ಅದರ ಮ್ಯಾಲೆ ಈ ರೋಗ ಬೇರೆ." ಆಮೇಲೆ ನನ್ನ ತಲೆಯ ಮೇಲಿಂದ ಕೂಗಿದರು. "ಏ ಬಸ್ಯಾ, ಇನ್ನೊಂದು ಕೊಡ ನೀರು ಹಾಕೋ!"

ಹಮಾಲರಲ್ಲಿ ದೊಡ್ಡವನಾದ ಬಸಪ್ಪ ಕೊಡ ತಂದು ಅನುಮಾನಿಸುತ್ತ ನಿಂತ. "ಹಾಕೋ ಲೇ" ಎಂದರು ರುದ್ರಪ್ಪನವರು. ನಾನಿನ್ನೂ ಮೆಟ್ಟಿಲ ಮೇಲೇ ಇದ್ದೆ. ನೀರು ನನ್ನ ಪಾದ ಸುತ್ತಿಕೊಂಡು ಹರಿಯಿತು. ಬೆಲ್ಲದ ರಾಡಿ ಸೇರಿದ ನೀರು. ಸೀರೆಯ ಅಂಚಿಗೆ ಅಂಟಿ, ಮನೆ ಸೇರುವವರೆಗೂ ಕಣಕಾಲಿಗೆ ಹತ್ತಿಕೊಂಡೇ ಬಂತು.

ಸಂಜೆ ಇವರು ಬಂದಾಗ ನಡೆದದ್ದನ್ನು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಬೋಣಿ ಆಗಿತ್ತೇನು?"

ಸೊಪ್ಪಿನವಳು "ಬೋಣಿ ಮಾಡಮ್ಮಾ" ಎಂದಾಗಲೆಲ್ಲ ಅದು ಕೊಳ್ಳಿಸುವ ನಯದ ಮಾತು ಎಂದೇ ನಾನು ತಿಳಿದಿದ್ದೆ. ದಿನದ ಮೊದಲ ವ್ಯಾಪಾರ ಹೇಗೋ ಇಡೀ ದಿನ ಹಾಗೆ ಎಂದು ಒಂದು ಪೇಟೆಗೆ ಪೇಟೆಯೇ ನಂಬಿ ಬಾಗಿಲು ತೆಗೆಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

"ಇಲ್ಲಿ ಯಾರೂ ಹಂಗ ಹೇಳಲ್ಲ ಶೈಲಾ" ಎಂದರು ಇವರು, ತಲೆ ಹಿಡಿದುಕೊಂಡು. "ತಡ ಮಾಡ್ತಾರ, ಬೈಸ್ಕೋತಾರ, ಆಮ್ಯಾಲೆ ಕೊಡ್ತಾರ. ಬೈದೋರಿಗೂ ಸಮಾಧಾನ, ಕೊಟ್ಟೋರಿಗೂ ಸಮಾಧಾನ. ಮುಂಚೆ ಹೋಗಿ ಹೇಳಿದ್ರೆ ಅದು ಧಮಕಿ ಆಗುತ್ತೆ."

"ನಾನು ಧಮಕಿ ಹಾಕಿದೆನಾ?"

"ನೀನು ಹಾಕಿಲ್ಲ. ಅವರಿಗೆ ಹಾಕಿದಂಗ ಕೇಳಿಸ್ತು."

ಅವತ್ತೇ ಬೆಲ್ಲದ ರೇಟು ಇಳಿಯಿತಂತೆ. ಅದನ್ನೂ ನನ್ನ ಲೆಕ್ಕಕ್ಕೇ ಬರೆದರು.

ಆಮೇಲೆ ಕೆಳಮನೆಯಿಂದ ಯಾರೂ ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗಿರಿಜಕ್ಕ ಮೊದಲು ಮಂಡಕ್ಕಿ ಒಗ್ಗರಣೆ ಹಾಕಿದಾಗಲೆಲ್ಲ ಒಂದು ಸ್ಟೀಲ್ ಬಟ್ಟಲಲ್ಲಿ ಮೇಲಕ್ಕೆ ಕಳಿಸುತ್ತಿದ್ದರು. ಆ ಬಟ್ಟಲು ನಮ್ಮಲ್ಲಿ ಉಳಿದಿತ್ತು. ಖಾಲಿ ಕೊಡಬಾರದೆಂದು ನಾಲ್ಕು ಬಾಳೆಹಣ್ಣು ಇಟ್ಟು ಕೊಟ್ಟುಬಂದೆ. ಮರುದಿನ ನೋಡಿದರೆ ಬಟ್ಟಲು ಹಣ್ಣಿನ ಸಮೇತ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿನಲ್ಲಿತ್ತು. ಹಣ್ಣು ಕಪ್ಪಾದವು, ಕಾಗೆ ಬಟ್ಟಲನ್ನು ಉರುಳಿಸಿತು, ಅದು ಚರಂಡಿಯ ಅಂಚಿನಲ್ಲಿ ಬೋರಲಾಗಿ ಬಿದ್ದೇ ಇತ್ತು. ತಾರಸಿಯ ಮೇಲೆ ಬಟ್ಟೆ ಒಣಹಾಕುವ ತಂತಿ ಒಂದು ದಿನ ಕಾಣೆಯಾಯಿತು. ನಾನು ಬಕೆಟ್ ಇಟ್ಟ ಹೊತ್ತಿಗೆ ಸರಿಯಾಗಿ ನೀರಿನ ಮೋಟಾರು ನಿಲ್ಲತೊಡಗಿತು. ನಾನು ಮೆಟ್ಟಿಲಿಳಿದು ಗೇಟು ದಾಟಿದ ಕೂಡಲೇ ಹಿಂದಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ತಿರುಗಿ ಬರುವಾಗ ಮೆಟ್ಟಿಲುಗಳು ಹಳದಿಯಾಗಿ, ಅರಿಶಿನದ ವಾಸನೆ ಬೀರುತ್ತಿದ್ದವು.

ಮಾತ್ರೆ ಶುರುವಾದ ಮೇಲೆ ಬಚ್ಚಲಲ್ಲಿ ಮೂತ್ರ ಕೆಂಪಾದದ್ದು ಕಂಡು, ಇನ್ನೂ ಯಾವುದೋ ಕಾಯಿಲೆ ಬಂತೆಂದು ಒಬ್ಬಳೇ ಕೂತು ಅತ್ತುಬಿಟ್ಟೆ. ಮಾತ್ರೆ ಕೊಡುವ ಕೇಂದ್ರದ ನರ್ಸು, "ಮಾತ್ರೆ ಬಣ್ಣ ಕಣ್ರೀ ಅದು! ಹೇಳೋದು ಮರ್ತೆ" ಎಂದು ನಕ್ಕರು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗಷ್ಟೇ ಶುರುಮಾಡಿದ್ದರೆ ತಿಳಿದಿರಲಿ, ಅದು ಮಾತ್ರೆಯ ಬಣ್ಣ, ಅಳಬೇಡಿ. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ, ಅದೂ ಹೋಗುತ್ತದೆ. ನನಗೆ ಇನ್ನೊಂದಾಯಿತು. ಔಷಧಿ ತೆಗೆದುಕೊಳ್ಳುತ್ತಿರುವಾಗಲೇ ಗಂಟು ದೊಡ್ಡದಾಗಿ, ಕೆಂಪಾಗಿ, ಡಾಕ್ಟರು ಕೊಯ್ದು ಕೀವು ತೆಗೆಯಬೇಕಾಯಿತು. ಕೆಲವರಿಗೆ ಹಾಗಾಗುತ್ತದೆ ಎಂದರು. ಕತ್ತಿಗೆ ದಪ್ಪ ಬ್ಯಾಂಡೇಜು ಬಂತು. ತಲೆ ತಿರುಗಿಸಲು ಆಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ದೇಹವನ್ನೇ ತಿರುಗಿಸಬೇಕಿತ್ತು.

ಆಗ ಅತ್ತೆ ಬಂದರು. ಉಕ್ಕಡಗಾತ್ರಿಗೆ ಹೋಗಿ ಕರಿಬಸವೇಶ್ವರನಿಗೆ ಹರಕೆ ಹೊತ್ತು, ವಿಭೂತಿ ಕಟ್ಟಿಸಿಕೊಂಡು ನೇರವಾಗಿ ಬಂದಿದ್ದರು. ಹೆತ್ತ ತಾಯಿಯಂತೆ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರಿಗೆ ನಾನು ಎಂದೂ ಹಿಡಿಸಿದವಳಲ್ಲ. ಆಸ್ಪತ್ರೆಗೆಂದು ನನ್ನನ್ನು ಕರೆದುಕೊಂಡು ಗೇಟು ದಾಟಿದವರಿಗೆ ನೀರಿನ ಸದ್ದು ಕೇಳಿಸಿತು. ನಿಂತರು. ಹಿಂದಕ್ಕೆ ಬಂದರು.

"ಏನವ್ವಾ ಗಿರಿಜಮ್ಮಾ, ನಮ್ ಸೊಸಿ ಇಳಿದ ಕೂಡ್ಲೆ ಮೆಟ್ಲು ತೊಳಿತೀಯಲ್ಲ, ಮೆಟ್ಲಿಗೂ ಕೆಮ್ಮು ಬಂದೈತೇನು?"

"ನಮ್ಮನಿ ಮೆಟ್ಲು, ನಾವು ತೊಳಿತೀವಿ. ನಿಮಗ್ಯಾಕ ಸಂಕಟ?" ಎಂದರು ಗಿರಿಜಕ್ಕ, ಚೊಂಬು ಹಿಡಿದುಕೊಂಡೇ.

"ತೊಳಿ ತೊಳಿ, ಚಂದಾಗಿ ತೊಳಿ. ನಮ್ಮೋರು ಈ ಮನಿಗೆ ಬಂದಾಗಿಂದ ನೋಡೀನಿ, ಒಂದಿನ ಕಸಬರಿಗಿ ಕಂಡ ಮೆಟ್ಲಲ್ಲ. ನಮ್ ಹುಡುಗಿ ಕಾಯಿಲೆಯಿಂದ ನಿನ್ ಮನಿ ಸ್ವಚ್ಛ ಆತಲ್ಲ, ಅದಕ್ಕ ನೀನ ಬಾಡಿಗೆ ಕೊಡಬೇಕು!"

ಎದುರುಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ನೆಲ ಬಾಯಿ ತೆರೆಯಬಾರದೇ ಎನಿಸಿತು. ಮಧ್ಯಾಹ್ನ ಮೇಲೆ ಊಟಕ್ಕೆ ಕೂತಾಗ ಅತ್ತೆ ನನ್ನನ್ನೂ ಬಿಡಲಿಲ್ಲ. "ನೀನೂ ಅಷ್ಟೆ. ಮಾತು ಎಲ್ಲಿ ಆಡಬೇಕು, ಎಲ್ಲಿ ನುಂಗಬೇಕು ಗೊತ್ತಿಲ್ಲ ನಿನಗ." ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ತಾಟು ಸರಿಸಿದೆ. ಅವರು ಬೈಯುತ್ತಲೇ ಆ ಅರ್ಧ ರೊಟ್ಟಿಯನ್ನು ಎತ್ತಿಕೊಂಡು, ನನ್ನ ಎಂಜಲು ಪಲ್ಯದಲ್ಲೇ ಒರೆಸಿ ತಿಂದರು. ಅದು ನನ್ನ ಮೇಲಿನ ಪ್ರೀತಿಯೋ, ಕೆಳಗಿನವರ ಮೇಲಿನ ಸಿಟ್ಟೋ ನನಗೆ ಈಗಲೂ ಗೊತ್ತಿಲ್ಲ. ಆ ದಿನ ಎರಡರಲ್ಲಿ ಯಾವುದಾದರೂ ಸಾಕಿತ್ತು.

ಆ ಜಗಳದ ಮರುದಿನ ರುದ್ರಪ್ಪನವರು ಮೇಲಕ್ಕೆ ಬಂದರು. ಕರವಸ್ತ್ರ ಮೂಗಿಗೆ ಹಿಡಿದು ಹೊಸ್ತಿಲ ಆಚೆಯೇ ನಿಂತರು.

"ತಿಂಗಳ ಕೊನಿಗೆ ಮನಿ ಖಾಲಿ ಮಾಡ್ರಿ" ಎಂದರು.

"ಬಾಡಿಗೆ ಬರುತ್ತದೆ ಸರ್, ಇನ್ನೇನು..."

"ಬಾಡಿಗೆ ಬ್ಯಾಡ. ಇನ್ಮ್ಯಾಲೆ ನಿಮ್ ರೊಕ್ಕ ಮುಟ್ಟಾಂಗಿಲ್ಲ ನಾನು. ರೊಕ್ಕ ಮುಟ್ಟಿದ್ರೆ ತಾನೆ ಇಟ್ಕೋಬೇಕು? ಮುಟ್ಟಲ್ಲ, ಇಟ್ಕೊಳ್ಳಲ್ಲ."

ಲೆಕ್ಕ ಅಷ್ಟು ಸರಳವಾಯಿತು. ಅವರ ಕೈ ನಮ್ಮ ಹಣ ಹಿಡಿದರೆ ನಾವು ಒಳಗೆ, ಹಿಡಿಯದಿದ್ದರೆ ಹೊರಗೆ. ಇವರು ಎಲ್ಲೆಲ್ಲೋ ಮನೆ ಕೇಳಿದರು. ಕೆಲವು ಕಡೆ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಇನ್ನು ಕೆಲವರು ಮನೆ ತೋರಿಸಿ, ನನ್ನ ಬ್ಯಾಂಡೇಜು ನೋಡಿ, "ಈಗ ನೆನಪಾತು, ನಮ್ಮ ತಮ್ಮಗ ಕೊಡ್ತೀವಿ ಅಂದಿದ್ವಿ" ಎಂದರು. ಒಂದು ತಂಬಿಗೆ ನೀರೆತ್ತಿದರೆ ಕೈ ನಡುಗುತ್ತಿದ್ದ ನಾನು ಪಾತ್ರೆ ಕಟ್ಟುವುದು ಹೇಗೆ, ಗಾಯ ಹಸಿಯಾಗಿರುವಾಗ ಯಾವ ಮನೆಯ ಯಾವ ಮೂಲೆಯಲ್ಲಿ ಹೋಗಿ ಮಲಗುವುದು ಎಂದು ಗೋಡೆ ನೋಡುತ್ತ ಕೂರುತ್ತಿದ್ದೆ.

ಕೊನೆಗೂ ವರ್ಕ್‌ಶಾಪಿನ ಬಿಲ್ಲು ಪಾಸಾಯಿತು. ಪಗಾರ ಕೈಗೆ ಬಂದ ಸಂಜೆಯೇ ಇವರು ಬಾಡಿಗೆ ಹಿಡಿದು ಕೆಳಗೆ ಹೋದರು. ಹೋದಷ್ಟೇ ಬೇಗ ವಾಪಸು ಬಂದರು. ಹಣ ಜೇಬಿನಲ್ಲೇ ಇತ್ತು.

"ಬಾಗಿಲ ತೆಗೀಲಿಲ್ಲ. ಕಿಟಕಿಯಿಂದಾನೇ 'ಬ್ಯಾಡ' ಅಂದ್ರು."

ಅಷ್ಟರಲ್ಲಿ ಮಗಳು ನಿತ್ಯಾ ಆಟ ಮುಗಿಸಿ ಬಂದಳು, ಬರಿಗಾಲಲ್ಲಿ. ಚಪ್ಪಲಿ ಎಲ್ಲಿ ಎಂದೆ.

"ಗೇಟಿನ ಹೊರಗೆ ಬಿಟ್ಟೆ ಅಮ್ಮಾ. ನಿನ್ ಚಪ್ಲಿ ನಮ್ ಚಪ್ಲಿ ಜೊತೆ ಇಡಬ್ಯಾಡ ಅಂದ್ರು ಗಿರಿಜಜ್ಜಿ." ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಶಾಲೆಯ ಹೊಸ ನಿಯಮ ಹೇಳುವಂತೆ ಹೇಳಿ ಕೈಕಾಲು ತೊಳೆಯಲು ಹೋದಳು.

ಜೀವನದಲ್ಲಿ ನನಗೆ ಯಾರ ಮೇಲೂ ದ್ವೇಷ ಬಂದದ್ದಿಲ್ಲ ಎಂದು ಹೇಳಿಕೊಳ್ಳುತ್ತಿದ್ದವಳು ನಾನು. ಬಂದಿತ್ತು. ಎಷ್ಟೋ ವಾರಗಳಿಂದ ಕಾಣದ ಹಸಿವು ಅವತ್ತು ಬಂತು. ಎರಡು ರೊಟ್ಟಿ ತಿಂದೆ.

ಮರುದಿನ ಬೆಳಿಗ್ಗೆ ಬಾಡಿಗೆಯ ಹಣವನ್ನು ಇವರಿಂದ ಕೇಳಿ ತೆಗೆದುಕೊಂಡೆ. "ಎಲ್ಲಿಗೆ?" ಎಂದರು. "ಬೋಣಿಗೆ" ಎಂದೆ.

ಅದೇ ಹಸಿ ನೆಲ, ಅದೇ ಅರ್ಧ ಉರಿದ ಊದುಬತ್ತಿ. ನಾನು ಕಾದು ನಿಂತು, ಗಲ್ಲಾಪೆಟ್ಟಿಗೆಗೆ ಕುಂಕುಮವಿಟ್ಟು ರುದ್ರಪ್ಪನವರು ಕೈಮುಗಿದದ್ದನ್ನು ನೋಡಿ ಮೆಟ್ಟಿಲು ಹತ್ತಿದೆ. ನನ್ನನ್ನು ಕಂಡದ್ದೇ ಅವರ ಮುಖ ಕಪ್ಪಿಟ್ಟಿತು.

"ಮತ್ತ ಬಂದ್ರಾ?"

ನಾನು ಎರಡೂ ಕೈಯಲ್ಲಿ ಹಣ ಚಾಚಿದೆ. "ಬೋಣಿ, ಸಾಹುಕಾರರೇ."

ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದವರು ಇತ್ತ ನೋಡಿದರು. ಇಲ್ಲ ಎಂದು ಬಂದವಳನ್ನು ನೀರು ಹಾಕಿ ಅಟ್ಟಬಹುದು. ತಂದಿದ್ದೇನೆ ಎಂದು ಬಂದವಳನ್ನು, ನೀರು ಹಾಕಿ ಊದುಬತ್ತಿ ಹಚ್ಚಿ ಇನ್ನೂ ಒಂದು ಕಾಸು ಕಾಣದ ಹೊತ್ತಿನಲ್ಲಿ, ಪೇಟೆಯ ಯಾವ ವ್ಯಾಪಾರಿಯೂ ಬೇಡ ಎನ್ನಲಾರ. ಅವರು ನನ್ನ ಕೈ ನೋಡಿದರು, ಕತ್ತಿನ ಬ್ಯಾಂಡೇಜು ನೋಡಿದರು, ಲಕ್ಷ್ಮಿಯ ಪಟ ನೋಡಿದರು.

"ಮನ್ಯಾಗ ಕೊಡಬಹುದಿತ್ತಲ್ಲ..." ಎಂದರು, ದನಿ ತಗ್ಗಿಸಿ.

"ಮನೆಯಲ್ಲಿ ಬೇಡ ಅಂದಿರಿ. ಇಲ್ಲಿಯೂ ಬೇಡವಾ?"

"ಸಾಹುಕಾರ್ರ, ತಗೋರಿ" ಎಂದ ಮೂಟೆಯ ಮೇಲಿಂದ ಬಸಪ್ಪ, ದೊಡ್ಡ ದನಿಯಲ್ಲಿ. "ಬಂದ ಲಕ್ಷ್ಮೀನ ನಿಂದ್ರಿಸಬಾರದು."

ಅವನು ನನಗಾಗಿ ಹೇಳಿದನೋ ಅಂಗಡಿಗಾಗಿ ಹೇಳಿದನೋ ತಿಳಿಯದು. ರುದ್ರಪ್ಪನವರು ಕೈ ಚಾಚಿದರು. ನೋಟುಗಳು ಅಂಗೈಗೆ ತಾಗಿದ್ದೇ ಅಭ್ಯಾಸದ ಬಲದಿಂದ ಆ ಕೈ ಮೇಲೇರಿತು. ಬೋಣಿಯ ಹಣವನ್ನು ಕಣ್ಣಿಗೊತ್ತಿಕೊಳ್ಳಬೇಕು. ಅರ್ಧ ದಾರಿಯಲ್ಲಿ ಅವರಿಗೆ ಅದು ಯಾರ ಕೈಯ ಹಣ ಎಂದು ನೆನಪಾಯಿತು. ಆದರೆ ಎಲ್ಲರೂ ನೋಡುತ್ತಿದ್ದರು. ಒತ್ತಿಕೊಂಡರು. ಎಡಗಣ್ಣಿಗೆ, ಬಲಗಣ್ಣಿಗೆ, ಮತ್ತೆ ಗಲ್ಲಾಪೆಟ್ಟಿಗೆಯ ಕುಂಕುಮಕ್ಕೆ. ಎಣಿಸಲಿಲ್ಲ.

ನಾವು ಆ ಮನೆಯಲ್ಲೇ ಉಳಿದೆವು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವತ್ತು ಅಂಗಡಿಯಲ್ಲಿ ಭಾರೀ ವ್ಯಾಪಾರವಾಯಿತಂತೆ. ಮುಂದಿನ ತಿಂಗಳೂ ನಾನೇ ಹೋದೆ, ಅದೇ ಹೊತ್ತಿಗೆ, ಮನೆಯ ಬಾಗಿಲಲ್ಲಿ ಬೇಡವೆನ್ನಿಸಿಕೊಳ್ಳುವ ಅವಕಾಶವನ್ನೇ ಕೊಡಬಾರದೆಂದು. ಅವತ್ತೂ ಒಳ್ಳೆಯ ವ್ಯಾಪಾರ. ರುದ್ರಪ್ಪನವರ ಮುಖ ಬದಲಾಯಿತು. "ನಿಮ್ ಕೈಗುಣ ಚಲೋ ಐತೆ ತಾಯಿ. ತಿಂಗಳಾ ತಿಂಗಳಾ ನೀವ ಬರ್ರಿ, ಯಜಮಾನರನ್ನ ಕಳಿಸಬ್ಯಾಡ್ರಿ" ಎಂದರು. ತಾರಸಿಗೆ ಹೊಸ ತಂತಿ ಬಂತು. ಮೋಟಾರು ಬೇಕಾದಷ್ಟು ಹೊತ್ತು ಓಡಿತು. ಮೆಟ್ಟಿಲು ತೊಳೆಯುವುದು ನಿಂತು ಮತ್ತೆ ಧೂಳು ಕೂತಿತು. ಒಂದು ಸಂಜೆ ಗಿರಿಜಕ್ಕ ಹೊಸದೊಂದು ಬಟ್ಟಲಲ್ಲಿ ಮಂಡಕ್ಕಿ ತಂದು, "ತಪ್ಪು ತಿಳ್ಕೋಬ್ಯಾಡ್ರಿ ಶೈಲಾ, ಆವಾಗ ಏನೋ ಭಯ" ಎಂದರು. ತೆಗೆದುಕೊಂಡೆ. ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಹಳೆಯ ಬಟ್ಟಲು ಚರಂಡಿಯಂಚಿನಲ್ಲಿ ಇನ್ನೂ ಬೋರಲಾಗಿಯೇ ಇತ್ತು.

ಓದುವವರು ನನ್ನನ್ನು ಕಲ್ಲುಮನಸ್ಸಿನವಳು ಎನ್ನಬಹುದು. ಆದರೆ ಯೋಚಿಸಿ. ಅದೇ ಕೈ, ಅದೇ ಮಾತ್ರೆ ನುಂಗುತ್ತಿರುವ ಮೈ. ಮೊದಲು ಅದು ಮುಟ್ಟಬಾರದ ಕೈಯಾಗಿತ್ತು, ಈಗ ಅದೃಷ್ಟದ ಕೈ. ನಡುವೆ ಡಾಕ್ಟರು ಹೇಳಿದ ಒಂದು ಮಾತನ್ನಾದರೂ ಯಾರೂ ಕೇಳಿಸಿಕೊಂಡಿರಲಿಲ್ಲ. "ಹೆಂಗಿದೀರಿ?" ಎಂದು ಒಬ್ಬರೂ ಕೇಳಿರಲಿಲ್ಲ. ದೂರವಿಟ್ಟಾಗ ನೊಂದಿದ್ದೆ. ಕೈಗುಣ ಎಂದಾಗ ಮಾತ್ರ ಮೈಯೆಲ್ಲ ಉರಿಯಿತು.

ಮಾತ್ರೆಗಳು ಮುಗಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಹಾಲಮ್ಮ ಸಿಕ್ಕಿದಳು. ದಪ್ಪಗಾಗಿದ್ದಳು. ನಾದಿನಿಯ ಮದುವೆ ಆಗಿತ್ತು, ಹಲ್ಲು ನೋವು ವಾಸಿಯಾಯಿತೆಂದು ಮನೆಯಲ್ಲಿ ಹೇಳಿದ್ದಳು. "ನಿಮ್ ಸಾಹುಕಾರ್ರು ಏನಂತಾರೆ?" ಎಂದಳು. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು, ಪೋಸ್ಟರಿನಲ್ಲಿ ಅಳಿಸಿಹೋದ ಆ ಮುಖದ ಕೆಳಗೆ.

ಇವರ ವರ್ಕ್‌ಶಾಪಿಗೆ ಹತ್ತಿರವಾಗಲೆಂದು ಹರಿಹರದಲ್ಲಿ ಒಂದು ಮನೆ ನೋಡಿದೆವು. ಹಿಂದಿನ ಕಿಟಕಿಯಿಂದ ಹೊಳೆಯ ಗಾಳಿ ಬರುತ್ತದೆ. "ಕಾಯಿಲೆ ಸುದ್ದಿ ಎತ್ತಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ" ಎಂದರು ಇವರು. ನಾನು ಎತ್ತಿದೆ. ಟಿ.ಬಿ. ಇತ್ತು, ಗುಣವಾಗಿದೆ, ಯಾವುದಾದರೂ ತಿಂಗಳು ಬಾಡಿಗೆ ತಡವಾದರೆ ಮುಂಚೆಯೇ ಬಂದು ಹೇಳುವವಳು ನಾನು ಎಂದೆ. ಮನೆಯ ಒಡತಿ ವಯಸ್ಸಾದ ಹೆಂಗಸು, ಹೂಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತಿ, "ಹೇಳ್ರಿ. ಹೇಳಿದ್ರೆ ಬೈತೀನಿ, ಹೇಳದಿದ್ರೆ ಇನ್ನಾ ಜಾಸ್ತಿ ಬೈತೀನಿ" ಎಂದರು. ಇವರು ಅಡ್ವಾನ್ಸ್ ಕೊಟ್ಟೇಬಿಟ್ಟರು.

ಇನ್ನು ರುದ್ರಪ್ಪನವರಿಗೆ ಹೇಳುವುದೊಂದು ಉಳಿದಿತ್ತು. ಮನೆ ಬಿಡುವುದಿದ್ದರೆ ಮುಂಚೆಯೇ ಹೇಳಬೇಕಲ್ಲವೇ. ಇಸ್ತ್ರಿ ಮಾಡಿದ ಅದೇ ಹತ್ತಿಯ ಸೀರೆ ಉಟ್ಟೆ. ಅಂಚಿನ ಬೆಲ್ಲದ ಕಲೆ ಎಷ್ಟು ತೊಳೆದರೂ ಹೋಗಿರಲಿಲ್ಲ.

ನೀರು ಚಿಮುಕಿಸಿದ ನೆಲ ಹಸಿಯಿತ್ತು. ಕುಂಕುಮ ಒಣಗಿರಲಿಲ್ಲ. "ಬರ್ರಿ ತಾಯಿ, ಬರ್ರಿ!" ಎಂದು ರುದ್ರಪ್ಪನವರ ಮುಖ ಅರಳಿತು. ಬಲಗೈ ಮುಂದೆ ಬಂತು.

"ಬಾಡಿಗೆ ತಂದಿಲ್ಲ ಸರ್. ಒಂದು ವಿಷಯ ಮುಂಚೆಯೇ ಹೇಳಿಹೋಗೋಣ ಅಂತ ಬಂದೆ."

ಆ ಕೈ ಗಾಳಿಯಲ್ಲೇ ನಿಂತಿತು. "ತಡೀರಿ... ತಡೀರಿ ತಾಯಿ. ಏನ ಇರ್ಲಿ, ಬೋಣಿ ಒಂದು ಆಗ್ಲಿ. ಒಂದು ಸ್ವಲ್ಪ ಕೂಡ್ರಿ. ಏ ಬಸ್ಯಾ, ಅಮ್ಮಾರಿಗೆ ಕುರ್ಚಿ ಹಾಕೋ!"

ಬಸಪ್ಪ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಟವೆಲಿನಿಂದ ಒರೆಸಿ ಇಟ್ಟ. ಅಷ್ಟು ತಿಂಗಳು ಆ ಮೆಟ್ಟಿಲ ಮೇಲೆ ನಿಂತೇ ಇದ್ದ ನನಗೆ ಅದು ಮೊದಲ ಕುರ್ಚಿ. ಅದನ್ನು ನೋಡಿದೆ. ಕಾಯುವುದನ್ನೆಲ್ಲ ನಾನು ಆಸ್ಪತ್ರೆಯ ಬೆಂಚುಗಳ ಮೇಲೆ ಕಾದು ಮುಗಿಸಿದ್ದೆ.

"ನಾವು ಮನೆ ಬಿಡುತ್ತಿದ್ದೇವೆ ಸರ್" ಎಂದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಆಮೇಲೆ ನೆರಿಗೆಯನ್ನು ಕಣಕಾಲಿಗಿಂತ ಮೇಲಕ್ಕೆ ಎತ್ತಿ ಹಿಡಿದುಕೊಂಡು, ಬಸಪ್ಪ ಕೊಡ ಹುಡುಕುವುದರೊಳಗೆ ಮೆಟ್ಟಿಲಿಳಿದೆ.